ಒಂದೇ ಸಲಕ್ಕೆ ಕಿವಿಗೆ ಹತ್ತುವ ಹಾಡು ಕಟ್ಟುವುದು

ಕವನ ಓದುವವರು ಅರ್ಥವಾಗದಿದ್ದರೆ ಹಿಂದಿನ ಸಾಲಿಗೆ ಹೋಗಬಹುದು. ಹಾಡು ಕೇಳುವವರಿಗೆ ಆ ಸವಲತ್ತಿಲ್ಲ. ಜಾತ್ರೆಯ ಗದ್ದಲದಲ್ಲಿ ನಿಂತವರಿಗೆ ಸಾಲು ಒಂದು ಸಲ ಕೇಳುತ್ತದೆ, ಅಷ್ಟೆ. ಆದ್ದರಿಂದ ಹಾಡು ಬರೆಯುವವರು ಬರೆದದ್ದನ್ನು ಬಾಯಲ್ಲಿ ಹೇಳಿ ಕಿವಿಯಲ್ಲೇ ತೂಗಬೇಕು.

ಮೊದಲು ವಸ್ತು. "ರೈತನ ಬವಣೆ ಯಾರಿಗೆ ಹೇಳಲಿ" ಎಂದು ಶುರುಮಾಡಿದರೆ ಯಾರ ತಲೆಯೂ ತಿರುಗುವುದಿಲ್ಲ, ಅದು ಎಲ್ಲರ ಹಾಡಿನಲ್ಲೂ ಇರುವ ಸಾಲು. ಕೋಲಾರದ ಟೊಮೆಟೊ ಮಂಡಿಗೆ ಹೋಗುವ 15 ಕೆಜಿ ಬಾಕ್ಸಿನಿಂದ ಶುರುಮಾಡಿ, ಬವಣೆ ತಾನಾಗಿ ಬರುತ್ತದೆ. ನಿಮ್ಮ ಸ್ವಂತ ನೋವನ್ನೇ ಹಾಡುವುದಾದರೂ ಕಣ್ಣಿಗೆ ಕಾಣುವ ಒಂದು ವಸ್ತುವಿಗೆ ಅದನ್ನು ಕಟ್ಟಿಹಾಕಿ. ಮನೆಯಲ್ಲಿ ತೆಲುಗು ಬೆರೆತ ಮಾತಾಡುವವರು ಆ ಮಾತನ್ನು ತಿದ್ದಿ ಪುಸ್ತಕದ ಕನ್ನಡ ಮಾಡಲು ಹೋಗಬೇಡಿ. ಸಂತಕವಿ ಕೈವಾರದ ತಾತಯ್ಯನವರು ಎರಡೂ ಭಾಷೆಯಲ್ಲಿ ಹಾಡಿದ ನಾಡು ಇದು.

ಇನ್ನು ಮಾತ್ರೆ, ಅಂದರೆ ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆ. ಹ್ರಸ್ವಾಕ್ಷರ ಲಘು, 1 ಮಾತ್ರೆ. ದೀರ್ಘಾಕ್ಷರ, ಸೊನ್ನೆಯಿರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ ಇವು ಗುರು, 2 ಮಾತ್ರೆ. ಈ ಎರಡು ಸಾಲು ನೋಡಿ:

ಮಂಡಿಗೆ | ಹೊರಟಿತು | ಕೆಂಪನೆ | ಬಾಕ್ಸು
ಕೊಂಡವ | ಹೇಳಿದ | ದರವೇ | ದರವು

ಪ್ರತಿ ತುಂಡಿಗೆ 4 ಮಾತ್ರೆ. ಕೊನೆಯ ತುಂಡಿನಲ್ಲಿ 3 ಇದೆ, ಉಳಿದ ಒಂದನ್ನು ಕೊನೆಯಕ್ಷರ ಎಳೆದು ತುಂಬಬೇಕು. ಹಾಗೆ ಸಾಲಿಗೆ 16. ಆದಿತಾಳದ 8 ಎಣಿಕೆಯಲ್ಲಿ, ಎಣಿಕೆಗೆ ಎರಡು ಮಾತ್ರೆಯಂತೆ, ಒಂದು ಸಾಲು ಸರಿಯಾಗಿ ಕೂರುತ್ತದೆ. ಮಂಡಿ, ಕೊಂಡ ಎಂಬಲ್ಲಿ ಎರಡನೇ ಅಕ್ಷರದ ಪ್ರಾಸವೂ ಇದೆ. ಸಾಲಿನ ತುದಿಯ ಪ್ರಾಸಕ್ಕಿಂತ ಈ ಆದಿಪ್ರಾಸ ಕನ್ನಡದ ಕಿವಿಗೆ ಹಳೆಯ ಪರಿಚಯ, ನೆನಪಿನಲ್ಲೂ ಚೆನ್ನಾಗಿ ಉಳಿಯುತ್ತದೆ. 4ರ ನಡೆ ಬೇಸರವಾದರೆ 3+4 ಪ್ರಯತ್ನಿಸಿ. ಭಾಮಿನಿ ಷಟ್ಪದಿಯ ನಡೆಯೇ ಅದು, ಮಿಶ್ರಛಾಪು ತಾಳದ ಏಳು ಎಣಿಕೆಗೆ ಹೊಂದುತ್ತದೆ.

ಹೆಚ್ಚಿನ ಹಾಡು ಕೆಡುವುದು ರಾಗ ಮೊದಲು ಹುಟ್ಟಿ ಮಾತನ್ನು ಆಮೇಲೆ ತುರುಕುವಾಗ. ರಾಗದಲ್ಲಿ ಮೊದಲ ಸ್ವರ ಉದ್ದವಿದೆ, ಅಲ್ಲಿ "ಬಳೆ" ಇಟ್ಟಿದ್ದೀರಿ ಎನ್ನಿ. ಹಾಡುವಾಗ "ಬಾಳೆ" ಆಗುತ್ತದೆ. "ಹಳೆ ಮನೆ" ಹೋಗಿ "ಹಾಳೆ ಮನೆ", "ನಡು" ಹೋಗಿ "ನಾಡು". ಬರೆದವರಿಗೆ ಇದು ಕೇಳಿಸುವುದೇ ಇಲ್ಲ, ಮನಸ್ಸಿನಲ್ಲಿ ಸರಿಯಾದ ಪದ ಇರುತ್ತದಲ್ಲ. "ಹಳ್ಳಿ"ಯಂಥ ಪದದಲ್ಲಿ ಹ ಎಳೆದರೆ "ಹಾಳ್ಳಿ" ಎಂದು ಕಿವಿ ಚುಚ್ಚುತ್ತದೆ. ಉಪಾಯ ಎರಡು: ಉದ್ದ ಸ್ವರದ ಕೆಳಗೆ ಮೊದಲೇ ದೀರ್ಘವಿರುವ ಪದ ಹುಡುಕಿ, ಇಲ್ಲವೇ ಎಳೆತವನ್ನು ಪದದ ಕೊನೆಗೆ ತಳ್ಳಿ. ರಾಗವನ್ನು "ತನನಾ ತಾನ" ಎಂದು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, "ತಾ", "ನಾ" ಬಂದ ಕಡೆಯೆಲ್ಲ ಗುರು ಎಂದು ಗುರುತು ಹಾಕಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಎತ್ತರದ ಸ್ವರದ ಮೇಲೆ ಆ, ಏ, ಓ ಬರಲಿ. ಇ, ಉ ಅಲ್ಲಿಗೆ ಬಂದರೆ ಗಂಟಲು ಬಿಗಿಯುತ್ತದೆ. ಮೇಲಿನ ಸಾಲಿನ ಕೊನೆಯ "ಬಾಕ್ಸು" ಉಕಾರದಲ್ಲಿ ಮುಗಿಯುವುದರಿಂದ ಅಲ್ಲಿ ರಾಗ ಇಳಿಯಲೇಬೇಕು. ಪಲ್ಲವಿಯನ್ನು ಗಂಡಸರು, ಹೆಂಗಸರು, ಮಕ್ಕಳು ಒಟ್ಟಿಗೆ ಹಿಡಿಯಬೇಕಾದರೆ ಷಡ್ಜದಿಂದ (ಸ) ಪಂಚಮ (ಪ), ಹೆಚ್ಚೆಂದರೆ ಧೈವತದೊಳಗೆ (ದ) ಇರಲಿ. ಏರಿಳಿತದ ಚಾಪಲ್ಯ ಚರಣದಲ್ಲಿ ತೀರಿಸಿಕೊಳ್ಳಿ.

ಚರಣಗಳು ಒಂದೇ ಮಾತನ್ನು ಮೂರು ಸಲ ಹೇಳುವುದು ಹೊಸಬರ ಹಾಡಿನ ದೊಡ್ಡ ದೋಷ. ಚರಣದಿಂದ ಚರಣಕ್ಕೆ ಏನಾದರೂ ಆಗಬೇಕು. ಕೆಲಸದ ಕ್ರಮವನ್ನೇ ಹಾಡಿನ ಕ್ರಮ ಮಾಡಿಕೊಂಡರೆ ಸುಲಭ. ಶಿಡ್ಲಘಟ್ಟದ ಕಡೆ ರೇಷ್ಮೆ ಹುಳುವಿಗೆ ನಾಲ್ಕು ಜ್ವರ, ಅಂದರೆ ಮೇವು ಬಿಟ್ಟು ಪೊರೆ ಕಳಚುವ ಹೊತ್ತು. ಮೊದಲೆರಡು ಚಾಕಿಯಲ್ಲೇ (ಎಳೆ ಹುಳು ಸಾಕುವ ಹಂತ) ಮುಗಿಯುತ್ತವೆ, ಒಂದು ಚರಣ ಸಾಕು. ಮೂರು, ನಾಲ್ಕನೇ ಜ್ವರಕ್ಕೆ ಇನ್ನೊಂದು: ಹುಳು ಸೊಪ್ಪು ಮುಟ್ಟದೆ ತಲೆಯೆತ್ತಿ ನಿಲ್ಲುವುದು, ಜ್ವರ ಬಿಟ್ಟ ಮೇಲೆ ಎಷ್ಟು ಸೊಪ್ಪು ಹಾಕಿದರೂ ಸಾಲದಿರುವುದು. ಮೂರನೆಯದು ಚಂದ್ರಿಕೆ (ಹುಳು ಗೂಡು ಕಟ್ಟುವ ತಟ್ಟಿ), ಗೂಡು, ಮಾರುಕಟ್ಟೆ. ಪಲ್ಲವಿಯ ಮಾತು ಬದಲಾಗದಿದ್ದರೂ ಪ್ರತಿ ಚರಣದ ನಂತರ ಅದರ ಅರ್ಥ ಸ್ವಲ್ಪ ಬೇರೆಯಾಗಿ ಕೇಳಿಸಿದರೆ ಕಟ್ಟಿದ್ದು ಗೆದ್ದಿತು.

ಉದ್ದದ ಲೆಕ್ಕ: ನಿಮಿಷಕ್ಕೆ 90 ಎಣಿಕೆಯ ವೇಗದಲ್ಲಿ ಒಂದು ಸಾಲಿಗೆ ಐದು ಸೆಕೆಂಡಿಗಿಂತ ತುಸು ಹೆಚ್ಚು. ಎರಡು ಸಾಲಿನ ಪಲ್ಲವಿ ಎರಡು ಸಲ, ಪ್ರತಿ ಚರಣಕ್ಕೆ ಮುಂಚೆ ನಾಲ್ಕು ಆವರ್ತ (ತಾಳದ ಸುತ್ತು, ಒಂದು ಸಾಲಿನಷ್ಟು) ವಾದ್ಯ, ನಾಲ್ಕು ಸಾಲಿನ ಮೂರು ಚರಣ, ಪ್ರತಿ ಚರಣದ ನಂತರ ಪಲ್ಲವಿ ಒಂದು ಸಲ. ಸುಮಾರು ಮೂರು ನಿಮಿಷ. ನಾಲ್ಕನೇ ಚರಣ ಸೇರಿಸುವ ಆಸೆಯಾದರೆ ಇರುವ ಮೂರರಲ್ಲಿ ಸಡಿಲವಾದದ್ದು ಯಾವುದು ಎಂದು ಮೊದಲು ನೋಡಿ.

ತಮಟೆ ಜೊತೆಗಿದ್ದರೆ ಪಲ್ಲವಿಯ ಮೊದಲ ಸಲಕ್ಕೆ ಅದನ್ನು ನಿಲ್ಲಿಸಿ, ಎರಡನೇ ಸಲಕ್ಕೆ ಬಾರಿಸಲು ಬಿಡಿ. ಜೋರು ಪೆಟ್ಟಿನ ಮೇಲೆ ಬಂದ ಪದ ಮುಚ್ಚಿಹೋಗುತ್ತದೆ.

ಪರೀಕ್ಷೆಗೆ ಕಾಗದ ತೋರಿಸಬೇಡಿ. ಹಾಡು ಗೊತ್ತಿಲ್ಲದ ಮೂರು ಜನರ ಮುಂದೆ ಒಂದು ಸಲ ಹಾಡಿ, ಬೇರೆ ಮಾತಾಡಿ, ಹತ್ತು ನಿಮಿಷದ ಮೇಲೆ ಪಲ್ಲವಿ ಹೇಳಿ ಎನ್ನಿ. ಅವರು ತಪ್ಪಾಗಿ ಹೇಳಿದ ಪದ ಎಷ್ಟೋ ಸಲ ನಿಮ್ಮದಕ್ಕಿಂತ ಸಲೀಸಾಗಿರುತ್ತದೆ, ನಾಚಿಕೆಯಿಲ್ಲದೆ ತೆಗೆದುಕೊಳ್ಳಿ. ಮೂವರೂ ಒಂದೇ ಕಡೆ ತಡವರಿಸಿದರೆ ಆ ಸಾಲಿನ ಮಾತ್ರೆ ಮತ್ತೆ ಎಣಿಸಿ. ಆಮೇಲೆ ಊರ ಭಜನೆ ಮನೆಯೋ, ಕೋಲಾರದ ತೇರಹಳ್ಳಿ ಬೆಟ್ಟದಲ್ಲಿ ಆದಿಮ ಸಾಂಸ್ಕೃತಿಕ ಕೇಂದ್ರದವರು ನಡೆಸಿಕೊಂಡು ಬಂದ ಹುಣ್ಣಿಮೆ ಹಾಡಿನಂಥ ಬಯಲೋ, ಎಲ್ಲಿ ಬೇಕಾದರೂ ಒಯ್ಯಬಹುದು.

ಸಿನಿಮಾ, ಆಲ್ಬಂ ಎಂದು ಯಾರಾದರೂ ಕೇಳಿಕೊಂಡು ಬಂದರೆ ಸಾಹಿತ್ಯ ಬೇರೆ, ಸಂಗೀತ ಬೇರೆ ಎಂಬುದು ಗೊತ್ತಿರಲಿ. ಎರಡಕ್ಕೂ ಪ್ರತ್ಯೇಕ ಹಕ್ಕುಸ್ವಾಮ್ಯವಿದೆ, ಬರೆದವರ ಜೀವಿತಾವಧಿ ಮತ್ತು ನಂತರದ 60 ವರ್ಷ. ರಾಗ ಬೇರೆಯವರದಾದರೆ ಹೆಸರು, ಪಾಲು ಮೊದಲೇ ಕಾಗದದ ಮೇಲೆ ಬರೆದುಕೊಳ್ಳಿ, ತಾರೀಕು ಹಾಕಿದ ಕರಡುಗಳನ್ನು ಎಸೆಯಬೇಡಿ.