ಮಂಗನ ಕಾಯಿಲೆಯ ಕಾಲದಲ್ಲಿ ಕಾಡಿನ ಕೆಲಸ: ಕೆಲಸ ಕೊಡುವವರು ಮಾಡಬೇಕಾದುದು

ಮಲೆನಾಡಿನಲ್ಲಿ ತೋಟಕ್ಕೂ ಕೊಟ್ಟಿಗೆಗೂ ದರಗು (ಉದುರಿದ ಒಣ ಎಲೆ) ತರಲು ಕೆಲಸಗಾರರನ್ನು ಕಾಡಿಗೆ ಕಳುಹಿಸುವ ದಿನಗಳು ಮತ್ತು ಮಂಗನ ಕಾಯಿಲೆ ಹರಡುವ ದಿನಗಳು ಬಹುಮಟ್ಟಿಗೆ ಒಂದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗದ ವೈರಾಣುವನ್ನು ಮನುಷ್ಯರಿಗೆ ದಾಟಿಸುವುದು ಎಳ್ಳುಕಾಳಿನಷ್ಟೂ ಇರದ ಉಣುಗಿನ ಮರಿಗಳು. ಬೇಸಿಗೆ ಮುಗಿಯುವವರೆಗೂ ಅವು ತರಗೆಲೆಗಳ ನಡುವೆ ಇರುತ್ತವೆ. ಹಳೆಯ ಲಸಿಕೆಯ ಬಳಕೆ ನಿಂತಿದೆ, ರೋಗಕ್ಕೆಂದೇ ಇರುವ ಔಷಧಿಯೂ ಇಲ್ಲ. ಹೀಗಾಗಿ ಉಣುಗು ಕಚ್ಚದಂತೆ ನೋಡಿಕೊಳ್ಳುವುದೇ ಮುಖ್ಯ ರಕ್ಷಣೆ, ಮತ್ತು ಅದನ್ನು ದಿನದ ಕೆಲಸದೊಳಗೇ ಸೇರಿಸುವುದು ಕೂಲಿ ಕೊಡುವವರ ಹೊಣೆ.

ಉಣುಗು ಹತ್ತಿರ ಸುಳಿಯದಂತೆ ಮೈಗೆ ಹಚ್ಚಿಕೊಳ್ಳಲೆಂದು ಆರೋಗ್ಯ ಇಲಾಖೆ ಉಚಿತವಾಗಿ ಹಂಚುವ ಡೀಪಾ ತೈಲವನ್ನು ಮೊದಲೇ ಆಶಾ ಕಾರ್ಯಕರ್ತೆಯರ ಮೂಲಕ ತರಿಸಿಟ್ಟುಕೊಳ್ಳಬೇಕು. ಕಾಡಿಗೆ ಹೊರಡುವ ಮುನ್ನ ಕೈ, ಕಾಲು ಮತ್ತು ಕುತ್ತಿಗೆಗೆ ಅದನ್ನು ಹಚ್ಚಿಕೊಳ್ಳಬೇಕು. ಕಣ್ಣು, ಬಾಯಿ, ಗಾಯಗಳಿಗೆ ತಾಗಿಸಬಾರದು. ತುಂಬುತೋಳಿನ ಅಂಗಿ ತೊಟ್ಟು, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿಕೊಂಡರೆ ಉಣುಗು ಮೇಲೇರುವ ದಾರಿ ತಪ್ಪುತ್ತದೆ. ಬುತ್ತಿ ಬಿಚ್ಚುವಾಗ ಬಹುತೇಕರು ದರಗಿನ ಮೇಲೆಯೇ ಕೂರುತ್ತಾರೆ. ಊಟಕ್ಕೆ ಬಯಲು ಜಾಗವನ್ನೋ ರಸ್ತೆಯ ಬದಿಯನ್ನೋ ಗೊತ್ತು ಮಾಡಿಕೊಡುವುದು ಲೇಸು.

ಕೆಲಸ ಮುಗಿದ ಮೇಲೆ ಮೈ ನೋಡಿಕೊಳ್ಳುವ ಕಾಲು ಗಂಟೆಯೂ ಕೂಲಿಯ ಹೊತ್ತೇ ಆಗಬೇಕು. ಮನೆಗೆ ಹೋಗಿ ನೋಡಿಕೊಳ್ಳಿ ಎಂದರೆ ಅದು ನಡೆಯುವುದಿಲ್ಲ. ಕಂಕುಳು, ತೊಡೆಸಂದು, ಮಂಡಿಯ ಹಿಂಭಾಗ, ಸೊಂಟದ ಪಟ್ಟಿಯ ಅಡಿ, ಕಿವಿಯ ಹಿಂದೆ, ಕೂದಲ ಬುಡ ಇವನ್ನೆಲ್ಲ ತಪ್ಪದೆ ನೋಡಬೇಕು. ಕಚ್ಚಿ ಹಿಡಿದ ಉಣುಗನ್ನು ಸಣ್ಣ ಚಿಮಟದಿಂದ ಚರ್ಮಕ್ಕೆ ಹತ್ತಿರದಲ್ಲಿ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಬೇಕು. ಬೆಂಕಿಕಡ್ಡಿ ತಾಗಿಸುವುದು, ಸೀಮೆಎಣ್ಣೆ ಹಚ್ಚುವುದು, ಉಗುರಿನಿಂದ ಹಿಸುಕುವುದು ಬೇಡ. ಬಳಿಕ ಸೋಪು ಹಚ್ಚಿ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಗಳನ್ನೂ ಬಿಸಿನೀರಿನಲ್ಲಿ ನೆನೆಹಾಕಬೇಕು.

ಮಂಗ ಸತ್ತು ಬಿದ್ದಿರುವುದು ಕಂಡರೆ ಆ ದಿನದ ಕೆಲಸ ಅಲ್ಲಿಗೇ ನಿಲ್ಲಬೇಕು. ಸತ್ತ ಮಂಗನ ಮೈಯಿಂದ ಉಣುಗುಗಳು ನೆಲಕ್ಕಿಳಿಯುವುದರಿಂದ ಸುತ್ತಲಿನ ಜಾಗವೇ ಅಪಾಯದ ತಾಣವಾಗುತ್ತದೆ. ಅದನ್ನು ಮುಟ್ಟದೆ ಆರೋಗ್ಯ ಇಲಾಖೆಗೂ ಅರಣ್ಯ ಇಲಾಖೆಗೂ ತಿಳಿಸಬೇಕು. ಅಂಥ ಕಾಡಿನ ದರಗನ್ನು ಕೊಟ್ಟಿಗೆಗೆ ತರಲೇಬಾರದು.

ಕಚ್ಚಿದ ಸುಮಾರು 3ರಿಂದ 8 ದಿನಗಳಲ್ಲಿ ತೀವ್ರ ಜ್ವರ, ತಲೆನೋವು, ಮೈಕೈ ನೋವು ಒಮ್ಮೆಲೇ ಕಾಣಿಸಿಕೊಳ್ಳುತ್ತವೆ. ದಿನಗೂಲಿ ತಪ್ಪುತ್ತದೆಂಬ ಭಯದಿಂದ ಜ್ವರವನ್ನು ಮುಚ್ಚಿಟ್ಟುಕೊಳ್ಳುವವರೇ ಹೆಚ್ಚು. ಆದ್ದರಿಂದ ರಕ್ತಪರೀಕ್ಷೆಗೆ ಹೋದ ದಿನದ ಕೂಲಿ ಕಡಿಯುವುದಿಲ್ಲವೆಂದು ಮೊದಲೇ ಹೇಳಿಬಿಡಬೇಕು. ಕಾಡಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ತಿಳಿಸಬೇಕು. ರಕ್ತಸ್ರಾವದ ಅಪಾಯವಿರುವುದರಿಂದ ಆಸ್ಪಿರಿನ್, ಐಬುಪ್ರೊಫೆನ್‌ನಂಥ ಮಾತ್ರೆಗಳನ್ನು ತಾವಾಗಿಯೇ ನುಂಗಬಾರದು. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರಗಳ ಬಳಿಕ ಅದು ಮರುಕಳಿಸುವುದುಂಟು. ಹಾಗಾಗಿ ಗುಣವಾದವರನ್ನು ಕೂಡಲೇ ಕಾಡಿಗೆ ಕಳುಹಿಸದೆ, ವೈದ್ಯರು ಒಪ್ಪಿದ ಮೇಲೆ ಮನೆಯ ಹತ್ತಿರದ ಹಗುರ ಕೆಲಸಕ್ಕೆ ಹಚ್ಚಬೇಕು.