ವಾಘೋಲಿಯ ಕರಿಕಲ್ಲಿನಲ್ಲಿ ಕ್ಯಾವನ್ಸೈಟ್ ಹುಡುಕಿದ್ದು

ನಾನು ವಿಜಯಪುರ ಕಡೆಯವನು. ಭೂವಿಜ್ಞಾನ ಓದಿ ಕೆಲಸಕ್ಕೆ ಅಂತ ಪುಣೆಗೆ ಬಂದವನು. ನಮ್ಮೂರ ಹೊಲದ ಎರೆಮಣ್ಣಿನ ಕೆಳಗಿರುವುದೂ ಪುಣೆಯ ಗುಡ್ಡಗಳಲ್ಲಿರುವುದೂ ಒಂದೇ ಡೆಕ್ಕನ್ ಟ್ರ್ಯಾಪ್, ಅಂದರೆ ಜ್ವಾಲಾಮುಖಿಯ ಲಾವಾ ಆರಿ ಗಟ್ಟಿಯಾದ ಕರಿಕಲ್ಲು (ಬಸಾಲ್ಟ್), ಸುಮಾರು 6.6 ಕೋಟಿ ವರ್ಷ ಹಳೆಯದು. ಆದರೆ ಪುಣೆಯ ಹತ್ತಿರ ವಾಘೋಲಿಯ ಕ್ವಾರಿಗಳಲ್ಲಿ ಆ ಕರಿಕಲ್ಲಿನೊಳಗೆ ಕ್ಯಾವನ್ಸೈಟ್ ಎಂಬ ಕಡುನೀಲಿ ಖನಿಜ ಸಿಗುತ್ತದೆ. ಇದನ್ನು ಮೊದಲು ಕಂಡದ್ದು ಅಮೆರಿಕದ ಒರೆಗಾನ್‌ನಲ್ಲಿ, 1960ರ ದಶಕದಲ್ಲಿ. ಚೆಂದದ ದೊಡ್ಡ ಹರಳುಗಳಿಗೆ ಮಾತ್ರ ವಾಘೋಲಿಯೇ ಹೆಸರುವಾಸಿ.

ಎಲ್ಲರೂ ಮೊದಲು ನೀಲಿ ಬಣ್ಣ ಹುಡುಕುತ್ತಾರೆ. ನಾನು ಮೊದಲು ಬಂಡೆ ನೋಡುತ್ತೇನೆ. ಗಟ್ಟಿಯಾಗಿ, ತೂತಿಲ್ಲದೆ ಇರುವ ಬಸಾಲ್ಟ್‌ನಲ್ಲಿ ಹುಡುಕುವುದು ದಂಡ. ಲಾವಾ ತಣ್ಣಗಾಗುವಾಗ ಗಾಳಿಗುಳ್ಳೆಗಳು ಉಳಿದ ಪದರ ಬೇಕು. ಇಲ್ಲವೇ ಒಡೆದು ಚೂರಾಗಿ ಮತ್ತೆ ಒಂದಕ್ಕೊಂದು ಅಂಟಿಕೊಂಡ ಬಸಾಲ್ಟ್ ಬೇಕು. ವಾಘೋಲಿಯಲ್ಲಿ ಈ ಚೂರುಬಂಡೆಯ ಸಂದುಗಳೇ ಒಳ್ಳೆಯ ಜಾಗ. ಲಾವಾ ಆರಿದ ಮೇಲೆ ಬಿಸಿನೀರು ಆ ಸಂದುಗಳಲ್ಲಿ ಹರಿದು ಖನಿಜ ಬಿಟ್ಟು ಹೋಗಿದೆ.

ಆಮೇಲೆ ನೋಡುವುದು ಕ್ಯಾವನ್ಸೈಟ್‌ನ ಜೊತೆಗಾರ ಖನಿಜಗಳನ್ನು. ಸಂದಿನೊಳಗೆ ಬಿಳಿ ಅಥವಾ ಕೆನೆಬಣ್ಣದ, ಗೋಧಿ ಸಿವುಡು ಕಟ್ಟಿ ನಿಲ್ಲಿಸಿದಂಥ ಹರಳು ಕಂಡರೆ ಅದು ಸ್ಟಿಲ್ಬೈಟ್. ಅದು ಕಂಡರೆ ನಾನು ಅಲ್ಲೇ ಕೂತುಬಿಡುತ್ತೇನೆ. ಹ್ಯೂಲಂಡೈಟ್, ಕ್ಯಾಲ್ಸೈಟ್, ಅಪೊಫಿಲೈಟ್ ಕೂಡ ಸುತ್ತಮುತ್ತ ಇರುತ್ತವೆ. ಕ್ಯಾವನ್ಸೈಟ್ ಹೆಚ್ಚಾಗಿ ಸ್ಟಿಲ್ಬೈಟ್ ಮೇಲೆಯೇ ಕೂತಿರುತ್ತದೆ.

ಬ್ಲಾಸ್ಟ್ ಆದ ಮೇಲೆ ಮೇಸ್ತ್ರಿ ಹೇಳುವ ತನಕ ಕ್ವಾರಿಯೊಳಗೆ ಇಳಿಯಬಾರದು. ಮಾಲೀಕರ ಒಪ್ಪಿಗೆ, ಹೆಲ್ಮೆಟ್ ಎರಡೂ ಬೇಕೇ ಬೇಕು. ಆದರೆ ನಿಜವಾಗಿ ಕಣ್ಣಿರುವುದು ಅಲ್ಲಿ ದುಡಿಯುವವರಿಗೆ. ಅವರಲ್ಲಿ ನಮ್ಮ ಕಡೆಯವರೂ ಇದ್ದಾರೆ. "ನೀಲಿ ಬಂದೈತ್ರಿ ಸರ, ಲಗೂ ಬರ್ರಿ" ಎಂದು ಒಬ್ಬ ಹಿರಿಯರು ಕರೆದರೆ ನಾನು ಮರುಮಾತಾಡದೆ ಹೋಗುತ್ತೇನೆ. ಯಾವ ಪದರದಿಂದ ಕಲ್ಲು ಬಿತ್ತು ಅಂತ ಅವರಿಗೆ ಗೊತ್ತಿರುತ್ತದೆ. ಆ ಮಾಹಿತಿ ಕಲ್ಲಿನಷ್ಟೇ ಬೆಲೆಯುಳ್ಳದ್ದು.

ಕಲ್ಲು ಕೈಗೆ ಬಂದ ಮೇಲೆ ಹತ್ತು ಪಟ್ಟು ತೋರಿಸುವ ಲೆನ್ಸ್ ಕಣ್ಣಿಗೆ ಒತ್ತಿ ಹಿಡಿಯುತ್ತೇನೆ. ಬಿಸಿಲಿಗೆ ಬೆನ್ನು ಕೊಟ್ಟು, ಕಲ್ಲನ್ನೇ ಹತ್ತಿರ ತರುತ್ತೇನೆ. ಬರಿಗಣ್ಣಿಗೆ ನೀಲಿ ಗುಂಡಿನ ಹಾಗೆ ಕಂಡದ್ದು ಲೆನ್ಸ್‌ನಲ್ಲಿ ನೂರಾರು ಸಣ್ಣ ಕಡ್ಡಿಗಳಾಗಿ ಬಿಡಿಸಿಕೊಳ್ಳುತ್ತದೆ. ಎಲ್ಲವೂ ನಡುವಿನ ಒಂದೇ ಬಿಂದುವಿನಿಂದ ಹೊರಗೆ ಚಾಚಿರುತ್ತವೆ. ಒಡೆದ ಗುಂಡು ಸಿಕ್ಕರೆ ಇನ್ನೂ ಒಳ್ಳೆಯದು, ಒಳಗಿನ ಕಿರಣಗಳು ಸ್ಪಷ್ಟವಾಗಿ ಕಾಣುತ್ತವೆ. ಕಡ್ಡಿಗಳಿಗೆ ಗಾಜಿನ ಹೊಳಪು. ಈ ನೀಲಿಗೆ ಕಾರಣ ವನೇಡಿಯಂ ಎಂಬ ಲೋಹ, ತಾಮ್ರ ಅಲ್ಲ.

ಗೀರು ಪರೀಕ್ಷೆಯನ್ನು ಉದುರಿದ ಚೂರಿನ ಮೇಲೆ ಮಾತ್ರ ಮಾಡಿ, ಒಳ್ಳೆಯ ಹರಳಿನ ಮೇಲೆ ಬೇಡ. 1ರಿಂದ 10ರವರೆಗಿನ ಮೋಸ್ ಅಳತೆಯಲ್ಲಿ ಇದರ ಗಡಸುತನ 3ರಿಂದ 4, ಉಕ್ಕಿನ ಸೂಜಿಗೆ ಸುಲಭವಾಗಿ ಗೀರು ಬೀಳುತ್ತದೆ. ಟೈಲ್ಸ್‌ನ ಹೊಳಪಿಲ್ಲದ ಹಿಂಬದಿಗೆ ಉಜ್ಜಿದರೆ ನೀಲಿ ಛಾಯೆಯ ಬಿಳಿ ಗೆರೆ ಬರುತ್ತದೆ. ತಾಮ್ರದ ನೀಲಿ ಖನಿಜ ಅಜುರೈಟ್ ಇರಬಹುದಾ ಅನ್ನಿಸಿದರೆ ಚೂರಿಗೆ ತೆಳು ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಸಾಕು. ಅಜುರೈಟ್ ಬುರುಗು ಬಿಡುತ್ತದೆ, ಕ್ಯಾವನ್ಸೈಟ್ ಬಿಡುವುದಿಲ್ಲ. ಆದರೆ ಚೂರಿಗೆ ಕ್ಯಾಲ್ಸೈಟ್ ಅಂಟಿಕೊಂಡಿದ್ದರೆ ಅದೂ ಬುರುಗು ಬಿಡುತ್ತದೆ, ಲೆನ್ಸ್‌ನಲ್ಲಿ ನೋಡಿಯೇ ಹನಿ ಬಿಡಿ.

ಕಷ್ಟ ಬರುವುದು ಪೆಂಟಗೊನೈಟ್ ವಿಷಯದಲ್ಲಿ. ಇದು ಇನ್ನೂ ಅಪರೂಪ. ಇದೂ ವಾಘೋಲಿಯಲ್ಲೇ ಸಿಗುತ್ತದೆ, ಬಣ್ಣವೂ ಅದೇ, ರಾಸಾಯನಿಕ ಸೂತ್ರವೂ ಅದೇ. ಒಳಗೆ ಪರಮಾಣುಗಳು ಜೋಡಣೆಯಾದ ರೀತಿ ಮಾತ್ರ ಬೇರೆ. ಇದರ ಹರಳುಗಳು ಉದ್ದ, ಚೂಪು, ಬಿಡಿಬಿಡಿ. ಐದು ಮೂಲೆಯ ನಕ್ಷತ್ರದಂತೆ ಕೂಡಿಕೊಂಡ ಹರಳು ಕಂಡರೆ ನನಗೆ ಮೈ ಜುಮ್ಮೆನ್ನುತ್ತದೆ. ಹಾಗಿದ್ದರೂ ಕ್ವಾರಿಯಲ್ಲೇ ನಿಂತು ತೀರ್ಪು ಕೊಡುವುದಿಲ್ಲ. ಚೀಟಿಯಲ್ಲಿ "ಪೆಂಟಗೊನೈಟ್ ಇರಬಹುದು" ಎಂದು ಬರೆದು, ಒಂದು ಚೂರನ್ನು ಹರಳಿನ ಒಳಜೋಡಣೆ ತೋರಿಸುವ ಎಕ್ಸ್‌ರೇ ಡಿಫ್ರ್ಯಾಕ್ಷನ್ ಪರೀಕ್ಷೆಗೆ ಕಳಿಸುತ್ತೇನೆ. ಅಲ್ಲಿ ಎರಡೂ ಬೇರೆ ಬೇರೆ ಅಂತ ಖಚಿತವಾಗುತ್ತದೆ.

ಅಂಗಡಿಯಲ್ಲಿ ಕೊಳ್ಳುವವರಿಗೆ ಇನ್ನೊಂದು ಮಾತು. ಉದುರಿದ ನೀಲಿ ಗುಂಡನ್ನು ಚೆಂದದ ಸ್ಟಿಲ್ಬೈಟ್ ಮೇಲೆ ಗಮ್ ಹಾಕಿ ಕೂರಿಸಿ ಮಾರುವುದುಂಟು. ಗುಂಡು ಮತ್ತು ತಳ ಸೇರುವ ಜಾಗವನ್ನು ಲೆನ್ಸ್‌ನಲ್ಲಿ ಸುತ್ತಲೂ ನೋಡಿ. ಅಲ್ಲಿ ಗುಳ್ಳೆಯಿರುವ ಪಾರದರ್ಶಕ ಪಟ್ಟಿ ಕಂಡರೆ ಅನುಮಾನಪಡಿ. ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಬಿಟ್ಟರೆ ಎಷ್ಟೋ ಬಗೆಯ ಗಮ್ ಬೆಳ್ಳಗೆ ಹೊಳೆಯುತ್ತದೆ, ಕ್ಯಾವನ್ಸೈಟ್ ಹೊಳೆಯುವುದಿಲ್ಲ.

ಸಿಕ್ಕ ಕಲ್ಲನ್ನು ಹತ್ತಿಯಲ್ಲಿ ಸುತ್ತಬೇಡಿ. ಎಳೆಗಳು ಕಡ್ಡಿಗಳಿಗೆ ಸಿಕ್ಕಿಕೊಂಡು, ಬಿಡಿಸುವಾಗ ಹರಳು ಮುರಿಯುತ್ತದೆ. ಹರಳಿಗೆ ಏನೂ ತಾಗದ ಹಾಗೆ ತಳವನ್ನು ಮಾತ್ರ ಡಬ್ಬಿಗೆ ಭದ್ರ ಮಾಡಿ. ಕ್ವಾರಿ, ಪದರ, ತಾರೀಖು ಬರೆದ ಚೀಟಿಯನ್ನು ಡಬ್ಬಿಯೊಳಗೇ ಇಡಿ.