ಮಣ್ಣು ಕೆದಕುವುದನ್ನು ಕಡಿಮೆ ಮಾಡಿದೆ, ಕಳೆಯೂ ಕಡಿಮೆಯಾಯಿತು

ಹೊಸ ಜಾಗದಲ್ಲಿ ಬಿತ್ತನೆಗೆ ಇಳಿಯುವ ಮೊದಲು ನಾನು ಆ ಜಾಗದ ಮಣ್ಣನ್ನು ತಟ್ಟೆಯಲ್ಲಿಟ್ಟು ನೋಡುತ್ತೇನೆ. ನಾಲ್ಕೈದು ಕಡೆಯಿಂದ ಮೇಲ್ಮಣ್ಣು ತಂದು, ಅಗಲ ತಟ್ಟೆಗಳಲ್ಲಿ ತೆಳುವಾಗಿ ಹರಡಿ, ನೀರು ಚಿಮುಕಿಸಿ ಬೆಳಕಿಗಿಡುವುದು, ಅಷ್ಟೇ. ಏನನ್ನೂ ಬಿತ್ತುವುದಿಲ್ಲ. ಆದರೂ ತಟ್ಟೆ ಹಸಿರಾಗುತ್ತದೆ. ಆ ಮೊಳಕೆಗಳನ್ನು ಗುರುತು ಹಾಕಿಕೊಂಡು ಕಿತ್ತು, ಮಣ್ಣು ಕಲಕಿ ಮತ್ತೆ ನೀರು ಹಾಕಿದರೆ ಇನ್ನೊಂದು ತಂಡ ಏಳುತ್ತದೆ. ಆಮೇಲೆ ಮತ್ತೊಂದು. ಇದನ್ನು ಕಣ್ಣಾರೆ ಕಂಡ ಮೇಲೆ, ಕಿತ್ತ ಕಳೆಯ ರಾಶಿ ನೋಡಿ ಖುಷಿಪಡುವುದು ನಿಂತುಹೋಯಿತು. ಅಸಲಿ ಸರಕು, ಅಂದರೆ ಮೊಳೆಯದೆ ಮಲಗಿರುವ ಬೀಜ, ಕೆಳಗೆ ಮಣ್ಣಿನಲ್ಲಿದೆ!

ಒಂದೇ ಗಿಡದಿಂದ ಉದುರಿದ ಬೀಜಗಳೂ ಒಟ್ಟಿಗೆ ಮೊಳೆಯುವುದಿಲ್ಲ. ಕೆಲವು ಈ ಮಳೆಗೆ ಏಳುತ್ತವೆ, ಕೆಲವು ವರ್ಷಗಟ್ಟಲೆ ಮಲಗಿರುತ್ತವೆ. ಅಮೆರಿಕದ ಮಿಷಿಗನ್‌ನಲ್ಲಿ ವಿಲಿಯಂ ಬೀಲ್ ಎಂಬ ಸಸ್ಯವಿಜ್ಞಾನಿ 1879ರಲ್ಲಿ ಕಳೆಬೀಜಗಳನ್ನು ಮರಳಿನ ಜೊತೆ ಬೆರೆಸಿ, 20 ಬಾಟಲಿಗಳಲ್ಲಿ ತುಂಬಿ ನೆಲದಲ್ಲಿ ಹೂತರು. ಅದರಲ್ಲಿ ಒಂದನ್ನು 2021ರಲ್ಲಿ ತೆಗೆದಾಗ ಮಲ್ಲೀನ್ ಎಂಬ ಕಳೆಗಿಡದ ಬೀಜಗಳು ಇನ್ನೂ ಮೊಳೆತವು. 140 ವರ್ಷಕ್ಕೂ ಹೆಚ್ಚು ಆದ ಮೇಲೆ! ಎಲ್ಲ ಕಳೆಗೂ ಇಷ್ಟು ಆಯಸ್ಸಿಲ್ಲ, ನಿಜ. ಆದರೆ ಆಳದಲ್ಲಿ ಹೂತುಹೋದ ಬೀಜ ಸಾಮಾನ್ಯವಾಗಿ ಮೇಲೆ ಬಿದ್ದಿರುವುದಕ್ಕಿಂತ ಹೆಚ್ಚು ದಿನ ಬಾಳುತ್ತದೆ. ಮೇಲೆ ಬಿದ್ದದ್ದನ್ನು ಇರುವೆ, ಜೀರುಂಡೆ, ಹಕ್ಕಿಗಳು ತಿನ್ನುತ್ತವೆ. ಹಾಗಾಗಿ ಕೊಯ್ಲು ಮುಗಿದ ಕೂಡಲೇ ಉಳುಮೆ ಮಾಡುವ ಅಭ್ಯಾಸ ಬಿಟ್ಟೆ. ಇರುವೆಗಳಿಗೆ ಸ್ವಲ್ಪ ಟೈಮ್ ಕೊಡೋಣ, ಅಲ್ವಾ?

ಇನ್ನೊಂದು ವಿಷಯ ಬೆಳಕು. ಸಣ್ಣ ಬೀಜದ ಕಳೆಗಳಲ್ಲಿ ಎಷ್ಟೋ ಜಾತಿಗಳು ಬೆಳಕು ಸೋಕಿದರೆ ಮಾತ್ರ ಎಚ್ಚರಗೊಳ್ಳುತ್ತವೆ. ಮಣ್ಣು ತಿರುವಿದಾಗ ಒಂದು ಕ್ಷಣ ಬಿಸಿಲು ಕಂಡರೂ ಸಾಕು. ಅಂದರೆ ಆಳವಾಗಿ ಅಗೆದಷ್ಟೂ ನಾವೇ ಅವನ್ನು ಕರೆದು ಎಬ್ಬಿಸಿದಂತೆ.

ಈ ಗುಣವನ್ನೇ ನಾನು ಬಳಸಿಕೊಂಡೆ. ಮಡಿಯನ್ನು ಬಿತ್ತನೆಗೆ ಹದ ಮಾಡಿ, ನೀರು ಕೊಟ್ಟು, ಸುಮ್ನೆ ಬಿಟ್ಟುಬಿಡುತ್ತೇನೆ. ಎರಡು ವಾರದ ಹೊತ್ತಿಗೆ ಕಳೆ ಎರಡೆಲೆ ಬಿಟ್ಟಿರುತ್ತದೆ. ಆಗ ಬಿಸಿಲಿರುವ ದಿನ ನೋಡಿ ಚಪ್ಪಟೆ ಗುದ್ದಲಿಯಿಂದ ಮೇಲಷ್ಟೇ ಹೆರೆಯುತ್ತೇನೆ, 2 ಸೆಂಟಿಮೀಟರ್‌ಗಿಂತ ಕೆಳಗೆ ಹೋಗದ ಹಾಗೆ. ಬೇರಿನ್ನೂ ಎಳೆಯದು, ಮಧ್ಯಾಹ್ನಕ್ಕೇ ಒಣಗುತ್ತದೆ. ಸಾಧ್ಯವಾದರೆ ಇನ್ನೊಂದು ಸಲ ನೀರು ಕೊಟ್ಟು ಇನ್ನೊಂದು ಸಲ ಹೆರೆಯುವುದು. ಆಮೇಲೆ ಮಣ್ಣು ತಿರುವದೆ ಬಿತ್ತನೆ. ಬಿತ್ತನೆ ತಡವಾಗುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಬೆಳೆಯ ನಡುವೆ ಕೂತು ಒಂದೊಂದೇ ಕೀಳುವ ಕೆಲಸ ತುಂಬಾ ಇಳಿಯಿತು.

ಹೂ ಬಿಟ್ಟ ಮೇಲೆ ತೆಗೆದರಾಯಿತು ಅನ್ನುವವರಿಗೆ ಒಂದು ಲೆಕ್ಕ. ಚೆನ್ನಾಗಿ ಬೆಳೆದ ಒಂದು ಪಾರ್ಥೇನಿಯಂ ಗಿಡ 15,000ಕ್ಕೂ ಹೆಚ್ಚು ಬೀಜ ಕೊಡಬಲ್ಲದು. ಕಾಡು ಹರಿವೆಯ ಕೆಲವು ಜಾತಿಗಳು ಲಕ್ಷ ದಾಟುತ್ತವೆ. ಹಾಗಾಗಿ ಕೈ ಸಾಲದ ದಿನ ನಾನು ಎಳೆ ಕಳೆಯನ್ನು ಬಿಟ್ಟು, ಮೊಗ್ಗು ಬಂದ ಗಿಡಗಳನ್ನೇ ಮೊದಲು ಹುಡುಕಿ ತೆಗೆಯುತ್ತೇನೆ. ಗೋಣಿ ಸೊಪ್ಪನ್ನಂತೂ ಕಿತ್ತು ಅಲ್ಲೇ ಬಿಸಾಡುವ ಹಾಗಿಲ್ಲ. ಕಾಂಡದಲ್ಲಿ ನೀರಿರುತ್ತದೆ, ಬಿದ್ದಲ್ಲೇ ಬೇರು ಬಿಡುತ್ತದೆ, ಕಾಯಿಯೂ ಬಲಿಯುತ್ತದೆ.

ಬೀಜ ಬಲಿತ ಕಳೆಯನ್ನು ತಿಪ್ಪೆಗೆ ಹಾಕುವುದಿಲ್ಲ. ರಾಶಿ ಒಳಗೆಲ್ಲ 55-60 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದು, ಮಗುಚಿ ಹಾಕಿ ಮತ್ತೆ ಕಾದರೆ ಹೆಚ್ಚಿನ ಬೀಜ ಸಾಯುತ್ತದೆ. ನನ್ನ ತಿಪ್ಪೆ ಅಷ್ಟು ಕಾಯುವುದಿಲ್ಲ.

ಇಷ್ಟೆಲ್ಲ ಬೀಜದಿಂದ ಬರುವ ಕಳೆಯ ಮಾತು. ಜೇಕು ಎಂಬ ಹುಲ್ಲಿನಂಥ ಕಳೆಯ ಹತ್ತಿರ ಇದ್ಯಾವುದೂ ನಡೆಯುವುದಿಲ್ಲ. ಅದು ನೆಚ್ಚಿರುವುದು ಗಡ್ಡೆಯನ್ನು. ನೆಲದೊಳಗೆ ಗಡ್ಡೆಗಳು ಒಂದಕ್ಕೊಂದು ದಾರದಂಥ ಕಾಂಡದಿಂದ ಸೇರಿಕೊಂಡು ಸಾಲಾಗಿರುತ್ತವೆ. ಸಾಲು ಹಾಗೇ ಇರುವವರೆಗೆ ಎಷ್ಟೋ ಗಡ್ಡೆಗಳು ಚಿಗುರದೆ ತೆಪ್ಪಗಿರುತ್ತವೆ. ಗುದ್ದಲಿ ತಾಗಿ ಸಾಲು ತುಂಡಾಯಿತೋ, ಬಿಡಿ ಗಡ್ಡೆಗಳು ತಮ್ಮಷ್ಟಕ್ಕೆ ತಾವೇ ಮೇಲೇಳುತ್ತವೆ. ಪ್ಲಾಸ್ಟಿಕ್ ಹೊದಿಕೆ ಹಾಕಿದರೆ ಚೂಪು ಮೊಳಕೆ ಅದನ್ನೇ ಚುಚ್ಚಿಕೊಂಡು ಬರುತ್ತದೆ.

ಜೇಕಿಗೆ ಎರಡು ದೌರ್ಬಲ್ಯ: ಒಣಗುವಿಕೆ ಮತ್ತು ನೆರಳು. ಮಳೆಯಿಲ್ಲದ ಬಿರುಬಿಸಿಲಿನ ತಿಂಗಳಲ್ಲಿ ಮಾತ್ರ ಜೇಕಿನ ಜಾಗವನ್ನು ಆಳವಾಗಿ ಅಗೆದು, ಗಡ್ಡೆಗಳನ್ನು ಮೇಲೆ ಹರಡಿ ಒಣಗಿಸುತ್ತೇನೆ. ಕೆಳಗೆ ಉಳಿದವು ಚಿಗುರಿದರೆ, ಹೊಸ ಗಡ್ಡೆ ಕಟ್ಟುವ ಮೊದಲೇ ತಲೆ ಕತ್ತರಿಸುತ್ತಾ ಬರುತ್ತೇನೆ. ಪ್ರತಿ ಚಿಗುರಿಗೂ ಗಡ್ಡೆಯ ಕಸುವು ಖರ್ಚಾಗುತ್ತದೆ. ಮಳೆಗಾಲಕ್ಕೆ ಅಲ್ಲಿ ದಟ್ಟವಾಗಿ ಹಬ್ಬಿ ನೆಲ ಮುಚ್ಚುವ ಬೆಳೆ ಹಾಕುತ್ತೇನೆ. ಒದ್ದೆ ಮಣ್ಣಿನಲ್ಲಿ ಆ ಜಾಗಕ್ಕೆ ಗುದ್ದಲಿ ಮುಟ್ಟಿಸುವುದೇ ಇಲ್ಲ, ಯಾರಾದರೂ ಬಂದು ಎಷ್ಟೇ ಒತ್ತಾಯ ಮಾಡಿದರೂ.